ಮೊದಲು ಯಾರ ಲೈನ್ ಹೋಗಬೇಕು

ಕೊಟ್ಟೂರಿನಲ್ಲಿ ನಮ್ಮ ಅಕ್ಕನ ಮನೆಯ ನಡುಮನೆಯಲ್ಲಿ ಒಂದು ಯಂತ್ರ ಉಸಿರಾಡುತ್ತಿತ್ತು, ಅದರ ಉಸಿರಿನಲ್ಲಿ ಮಾಮ ಉಸಿರಾಡುತ್ತಿದ್ದರು. ಮಾಮ ಎಂದರೆ ಅಕ್ಕನ ಗಂಡ. ಕೂಡ್ಲಿಗಿ ಕಡೆಯ ಒಂದು ಕಲ್ಲು ಕ್ರಷರಿನಲ್ಲಿ ಹರೆಯವನ್ನೆಲ್ಲ ಕಳೆದವರು. ಅಲ್ಲಿ ಮೋಟರು ನೋಡಿಕೊಳ್ಳುವುದು ಅವರ ಕೆಲಸವಾಗಿತ್ತು. ಕಲ್ಲಿನ ಪುಡಿ ಎದೆಯೊಳಗೆ ಇಳಿದು ಕೂತುಬಿಟ್ಟಿತ್ತು. ಬಳ್ಳಾರಿಯಲ್ಲಿ ಡಾಕ್ಟರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು ನೋಡಿ, ಇದು ವಾಸಿಯಾಗುವಂಥದ್ದಲ್ಲ, ಮನೆಯಲ್ಲಿ ಆಕ್ಸಿಜನ್ ಯಂತ್ರ ಇಟ್ಟುಕೊಳ್ಳಿ ಎಂದು ಕಳಿಸಿದ್ದರು. ಸುತ್ತಲಿನ ಗಾಳಿಯನ್ನು ಎಳೆದುಕೊಂಡು, ಅದರೊಳಗಿನ ಆಕ್ಸಿಜನ್ನನ್ನು ಸೋಸಿ, ಸಣ್ಣ ನಳಿಕೆಯಲ್ಲಿ ಮೂಗಿಗೆ ಬಿಡುವ ಯಂತ್ರ. ಕರೆಂಟು ಇದ್ದರೆ ನಡೆಯುತ್ತದೆ, ಹೋದರೆ ನಿಲ್ಲುತ್ತದೆ. ಕೊಟ್ಟೂರಿನಲ್ಲಿ ಕರೆಂಟು ಹೋಗುತ್ತದೆ.

ನಾನು ಇರುವುದು ಹರಪನಹಳ್ಳಿಯಲ್ಲಿ. ಒಂದು ಡಿಪ್ಲೊಮಾ ಕಾಲೇಜಿನ ಎಲೆಕ್ಟ್ರಾನಿಕ್ಸ್ ಲ್ಯಾಬು ನನ್ನ ಸುಪರ್ದಿಗೆ ಸೇರಿದ್ದು. ನಮ್ಮ ಬಳಗದ ಲೆಕ್ಕದಲ್ಲಿ ಇದರ ಅರ್ಥ ಇಷ್ಟೇ: ಕೆಟ್ಟ ಮಿಕ್ಸಿ, ಸತ್ತ ರಿಮೋಟು, ನೀರಿಗೆ ಬಿದ್ದ ಮೊಬೈಲು ಎಲ್ಲವೂ ನನ್ನ ಬಳಿಗೆ ಬರಬೇಕು, ಬಂದ ದಿನವೇ ಸರಿಯಾಗಬೇಕು, ನಾನು ಮುಖ ಸಿಂಡರಿಸಬಾರದು. ನಾನು ಮುಖ ಸಿಂಡರಿಸುತ್ತೇನೆ. ಹಗರಿಬೊಮ್ಮನಹಳ್ಳಿಯ ನಮ್ಮ ಮನೆಯಲ್ಲಿ ಹುಟ್ಟಿದ ಇಬ್ಬರು ಹೆಣ್ಣುಮಕ್ಕಳಲ್ಲಿ ತಾಳ್ಮೆಯನ್ನೆಲ್ಲ ಅಕ್ಕ ಬಾಚಿಕೊಂಡು ಹೋದಳು, ನನಗೆ ನಾಲಿಗೆ ಉಳಿಯಿತು. ಯಾರಾದರೂ ನನ್ನ ಕೆಲಸಕ್ಕೆ ಹೆಸರಿಟ್ಟರೆ ಸುಮ್ಮನೆ ಕೇಳಿಸಿಕೊಳ್ಳುವವಳಲ್ಲ ನಾನು. ಬಳಗಕ್ಕೆಲ್ಲ ಇದು ಗೊತ್ತು. ಮುಂದೆ ಹೇಳುವುದಕ್ಕೆ ಈ ಮಾತು ಬೇಕಾಗುತ್ತದೆ, ಅದಕ್ಕೆ ಈಗಲೇ ಹೇಳಿಬಿಟ್ಟೆ.

ಯಂತ್ರ ಬಂದ ಹೊಸದರಲ್ಲಿ ಅಕ್ಕ ಅಂಗಡಿಯ ಇನ್ವರ್ಟರ್ ತಂದು ಹಾಕಿಸಿದ್ದಳು. ಮನೆಗೊಂದು ಇನ್ವರ್ಟರ್ ಬಂತೆಂದರೆ ಎಲ್ಲರ ಕೈಯೂ ಅದರ ಮೇಲೆ. ಫ್ಯಾನು, ಟಿವಿ, ಫೋನಿನ ಚಾರ್ಜರು, ಒಮ್ಮೆ ನೋಡಲು ಬಂದ ನೆಂಟರ ಪೈಕಿ ಯಾರೋ ಒಬ್ಬರು ಚಹಾ ಆರಿತೆಂದು ಕರೆಂಟಿನ ಕೆಟಲನ್ನೂ ಹಚ್ಚಿದರು. ವೈರು ಬಿಸಿಯಾಗಿ, ಸಿಪ್ಪೆ ಕರಗಿ, ಗೋಡೆಗೆ ಕಪ್ಪು ಹತ್ತಿತು. ಆವತ್ತು ಅಕ್ಕ ಮನೆಯಲ್ಲಿದ್ದಳು, ಆಪತ್ತಿಗೆಂದು ಇಟ್ಟಿದ್ದ ಆಕ್ಸಿಜನ್ ಸಿಲಿಂಡರಿನಲ್ಲಿ ಗಾಳಿ ಇತ್ತು, ಮಾಮ ಉಳಿದರು. ಸುದ್ದಿ ಕೇಳಿ ನಾನು ಬಸ್ಸು ಹತ್ತಿ ಬಂದವಳೇ ಆ ಕಪ್ಪನ್ನು ನೋಡಿ ಅಕ್ಕನನ್ನು ಬಾಯಿಗೆ ಬಂದಂತೆ ಬೈದೆ. ಬೈದು ಮುಗಿಸಿ, ಇದಕ್ಕೊಂದು ಕಾವಲು ಮಾಡಿಕೊಡುತ್ತೇನೆ ಎಂದೆ.

ಕಾವಲು ಎಂದರೆ ಒಂದು ಚಿಪ್ಪು. ಕಡಲೆಬೇಳೆಗಿಂತ ಸಣ್ಣದು. ಬ್ಯಾಟರಿಯಿಂದ ಹೊರಡುವ ದಪ್ಪ ವೈರಿನ ನಡುವೆ ಒಂದು ಲೋಹದ ಪಟ್ಟಿ ಕೂರಿಸಬೇಕು. ಕರೆಂಟೆಲ್ಲ ಆ ಪಟ್ಟಿಯನ್ನು ದಾಟಿಯೇ ಹೋಗಬೇಕು. ಎಷ್ಟು ಕರೆಂಟು ದಾಟಿತೋ ಅದಕ್ಕೆ ತಕ್ಕಂತೆ ಪಟ್ಟಿಯ ಎರಡು ತುದಿಗಳ ನಡುವೆ ಚೂರೇ ಚೂರು ವೋಲ್ಟೇಜು ಏಳುತ್ತದೆ. ಮನುಷ್ಯರ ಕೈಗೆ, ಕಣ್ಣಿಗೆ ತಿಳಿಯುವಂಥದ್ದಲ್ಲ ಅದು. ಚಿಪ್ಪಿಗೆ ತಿಳಿಯುತ್ತದೆ. ಇಷ್ಟು ದಾಟಿದರೆ ಹೆಚ್ಚಾಯಿತು ಎಂದು ನಾವು ಅದಕ್ಕೊಂದು ಮಿತಿ ಹೇಳಿಕೊಟ್ಟಿರಬೇಕು. ಮಿತಿ ಮೀರಿದ್ದು ಕಂಡರೆ ಅದು ರಿಲೇಗೆ ಸುದ್ದಿ ಕೊಡುತ್ತದೆ, ರಿಲೇ ಲೈನನ್ನು ಕಡಿಯುತ್ತದೆ, ಗುಂಡಿ ಒತ್ತುವ ತನಕ ಲೈನು ಮತ್ತೆ ಬರುವುದಿಲ್ಲ. ವೈರು ಸುಡುವುದಿಲ್ಲ, ಬ್ಯಾಟರಿ ಹಾಳಾಗುವುದಿಲ್ಲ, ಮನೆಗೆ ಬೆಂಕಿ ಬೀಳುವುದಿಲ್ಲ. ಪ್ರತಿ ವರ್ಷ ಹೊಸ ಹುಡುಗರಿಗೆ ಇದನ್ನು ಬೋರ್ಡಿನ ಮೇಲೆ ಬರೆದು ತೋರಿಸುತ್ತೇನೆ. ಕಾಪಾಡುವುದು ಎಂಬ ಮಾತನ್ನು ಆಗ ಎಷ್ಟು ಸಲೀಸಾಗಿ ಬಳಸುತ್ತಿದ್ದೆ ಎಂದು ಈಗ ನೆನೆದರೆ ಬಾಯಿ ಕಹಿಯಾಗುತ್ತದೆ.

ಲ್ಯಾಬಿನ ಮೇಜಿನ ಮೇಲೆ ಚಿಪ್ಪು, ರಿಲೇ, ಗುಂಡಿ, ಕೂಗುವ ಬಜರು ಎಲ್ಲ ಸೇರಿದ ಡಬ್ಬಿ ತಯಾರಾಯಿತು. ತಂದು ಬಾಗಿಲ ಪಕ್ಕದ ಗೋಡೆಗೆ ಹೊಡೆದೆ, ಬ್ಯಾಟರಿ ಇದ್ದದ್ದು ಅಲ್ಲೇ. ಮಾಮನ ಮಂಚ ಒಳಗಡೆ, ಕಿಟಕಿಯ ಕೆಳಗೆ. ಮೊದಲ ಸಲ ಯಂತ್ರ ಹಚ್ಚಿದ ಕೂಡಲೇ ಡಬ್ಬಿ ಕುಂಯ್ ಎಂದು ಕೂಗಿ ಲೈನು ಕಡಿದುಬಿಟ್ಟಿತು. ಮತ್ತೆ ಹಚ್ಚಿದೆ, ಮತ್ತೆ ಕುಂಯ್. ನನಗೆ ಅವಮಾನವಾಯಿತು. ಮಾಮ ಮಂಚದ ಮೇಲೆ ಕೂತು ನಗುತ್ತಿದ್ದರು. ಅವರು ನಗುವುದೆಂದರೆ ಹೆಗಲು ಅಲ್ಲಾಡುವುದು ಅಷ್ಟೇ, ಸದ್ದಿಗೆ ಬೇಕಾದಷ್ಟು ಗಾಳಿ ಇರುತ್ತಿರಲಿಲ್ಲ.

“ಟೀಚರ್, ಮೋಟರು ಯಾವುದಾದ್ರೂ ಶುರುವಾಗೂ ಮುಂದ ಒಂದೀಟು ಜಾಸ್ತಿ ತಿಂತೈತಿ” ಎಂದರು. ಒಂದೊಂದು ಮಾತಿಗೂ ನಡುವೆ ನಿಲ್ಲುತ್ತಿದ್ದರು. “ಆಮ್ಯಾಲ ಸುಮ್ನಾಗ್ತೈತಿ. ನಿನ್ನ ಡಬ್ಬಿಗೆ ತಾಳ್ಮಿ ಕಲಿಸು.”

ಅದು ನನಗೂ ಗೊತ್ತಿದ್ದ ಮಾತೇ. ಶುರುವಾಗುವಾಗಿನ ಆ ಹೊಡೆತವನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ, ಸ್ವಲ್ಪ ಹೊತ್ತಿನ ಸರಾಸರಿ ನೋಡಿ ತೀರ್ಮಾನ ಮಾಡು ಎಂದು ಚಿಪ್ಪಿಗೆ ಹೇಳಿಕೊಟ್ಟೆ. ಆಮೇಲೆ ಅದು ಗಲಾಟೆ ಮಾಡಲಿಲ್ಲ. ಡಬ್ಬಿಗೇನೋ ತಾಳ್ಮೆ ಬಂತು, ಮಾಡಿದವಳಿಗೆ ಯಾವಾಗ ಬರುತ್ತದೋ ಎಂದು ಅಕ್ಕ ಚುಚ್ಚಿದಳು.

ಆ ಮಧ್ಯಾಹ್ನ ಚಹಾ ಕುಡಿಯುವಾಗ ಮಾಮ ಡಬ್ಬಿಯನ್ನೇ ನೋಡುತ್ತಾ ಕೂತಿದ್ದರು. “ಕ್ರಷರಿನ್ಯಾಗೂ ಇಂಥದ್ದು ಇತ್ತು. ಮೋಟರಿಗೆ ಓವರ್‌ಲೋಡ್ ರಿಲೇ. ಕಲ್ಲು ಜಾಸ್ತಿ ಬಿದ್ರ ಟಪ್ ಅಂತ ನಿಲ್ತಿತ್ತು, ಮೋಟರಿಗೆ ಏನೂ ಆಗಬಾರದಲ್ಲ” ಎಂದರು. ಆಮೇಲೆ ಚಹಾದ ಲೋಟ ಕೆಳಗಿಟ್ಟು, “ನಮಗ ಮೂಗಿಗೆ ಕಟ್ಟಾಕ ಒಂದು ಅರಿವೀನೂ ಕೊಡಲಿಲ್ಲ” ಎಂದು ಸೇರಿಸಿದರು. ದೂರುವ ಧ್ವನಿ ಇರಲಿಲ್ಲ ಅದರಲ್ಲಿ. ದೂರಿದ್ದರೆ ನನಗೆ ಹಗುರವಾಗುತ್ತಿತ್ತೇನೋ.

ಕೆಲವು ತಿಂಗಳು ಎಲ್ಲ ನೆಟ್ಟಗೆ ನಡೆಯಿತು. ಬೇಸಿಗೆ ಶುರುವಾದಾಗ ಒಂದು ಭಾನುವಾರ ಹೋದೆ. ಯಂತ್ರದ ಪಿನ್ನಿನ ಜೊತೆಗೆ ಇನ್ನೊಂದು ಪಿನ್ನು ಡಬ್ಬಿಗೆ ಸಿಕ್ಕಿಸಿದ್ದು ಕಂಡಿತು. ಅದರಿಂದ ಹೊರಟ ಹಳದಿ ವೈರು ಕಿಟಕಿಯ ಸರಳಿನ ಸಂದಿಯಿಂದ ಹೊರಬಿದ್ದು, ಗೋಡೆ ಹತ್ತಿ, ಪಕ್ಕದ ಮನೆಗೆ ಇಳಿದಿತ್ತು. ನನ್ನ ನೆತ್ತಿಗೆ ಏರಿತು.

“ಇದೇನಕ್ಕ?”

“ಬಾಜೂ ಮನೀಗೆ ಒಂದು ಫ್ಯಾನಿಗೆ ಕೊಟ್ಟೀನಿ” ಎಂದಳು ಅಕ್ಕ, ಸೊಪ್ಪು ಸೋಸುತ್ತಾ, ತಲೆ ಎತ್ತದೆ.

“ಅದು ಮಾಮನ ಉಸಿರು. ಹಂಚಿ ತಿನ್ನಾಕ ರೊಟ್ಟಿ ಅಲ್ಲ.”

ಪಕ್ಕದ ಮನೆಯಲ್ಲಿ ಒಬ್ಬ ಅಜ್ಜಿ ಮತ್ತು ಅವಳ ಮಗ. ಹಡಗಲಿ ತಾಲೂಕಿನ ಮಾಗಳಕ್ಕೆ ಕೊಟ್ಟ ಮಗಳು ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಳು. ಬಾಣಂತಿಗೆ ಗಾಳಿ ಬಡಿಯಬಾರದು ಎಂದು ಅಜ್ಜಿ ಮೊದಲು ಕಿಟಕಿಗೆಲ್ಲ ಗೋಣಿಚೀಲ ಕಟ್ಟಿ, ಮಗಳ ಕಿವಿಗೆ ಅರಿವೆ ಸುತ್ತಿ ಕೂರಿಸಿದ್ದಳಂತೆ. ಆ ಶೀಟಿನ ಮನೆಯಲ್ಲಿ, ಈ ಬಿಸಿಲಿನಲ್ಲಿ, ಕೂಸಿನ ಮೈತುಂಬಾ ಬೆವರುಸಾಲೆ ಎದ್ದು ಅದು ಹಗಲೆಲ್ಲ ಚೀರಿದ ಮೇಲೆ ಅಜ್ಜಿಯೇ ಗೋಣಿಚೀಲ ಬಿಚ್ಚಿ ಫ್ಯಾನು ತರಿಸಿದಳು. ಮಾಗಳದವರಿಗೆ ಮಗ್ಗುಲಲ್ಲೇ ಹೊಳೆ, ಹೊಳೆಯ ಗಾಳಿ. ಕೊಟ್ಟೂರಿನ ಕಾವು ಆ ಹುಡುಗಿಗೂ ತಡೆಯುತ್ತಿರಲಿಲ್ಲ.

“ಕರೆಂಟ್ ಹೋದಾಗ ಕೂಸು ಅಳೂದು ಇವರಿಗೆ ಕೇಳಿಸ್ತೈತಿ. ಇವರೇ ಹೇಳಿದ್ರು ವೈರು ಕೊಡು ಅಂತ” ಎಂದಳು ಅಕ್ಕ. “ನಾನರ ಹೆಂಗ ಇಲ್ಲ ಅನ್ನಲಿ? ಇವರಿಗೆ ಎದಿ ಹಿಡಿದಾಗ ಆ ಅಜ್ಜಿ ಮಗಾನ ಇವರನ್ನ ಬೆನ್ನ ಮ್ಯಾಲ ಹೊತ್ತು ಗಾಡಿಗೆ ಹಾಕ್ಯಾನ. ನೀನು ಹರಪನಹಳ್ಳ್ಯಾಗ ಇದ್ದಿ.”

ಎದ್ದು ಹೋಗಿ ಆ ಹಳದಿ ವೈರನ್ನು ಕೈಯಲ್ಲಿ ಹಿಡಿದೆ. ವೈರನ್ನು ಕಿತ್ತು ಬಿಸಾಡುವ ಧೈರ್ಯ ನನಗೂ ಆಗಲಿಲ್ಲ. ನಮ್ಮ ಕಡೆ ಒಬ್ಬರ ಮನೆಯಲ್ಲಿ ಇನ್ವರ್ಟರ್ ಇದ್ದರೆ ಮಗ್ಗುಲು ಮನೆಗೆ ಒಂದು ಎಳೆ ಹೋಗಿಯೇ ಇರುತ್ತದೆ. ಕೇಳುವವರಿಗೂ ಸಂಕೋಚವಿಲ್ಲ, ಕೊಡುವವರಿಗೂ ಅದೊಂದು ಉಪಕಾರ ಅನಿಸುವುದಿಲ್ಲ. ಮಜ್ಜಿಗೆ ಕೇಳಿ ಬಂದವರನ್ನು ಬರಿಗೈಯಲ್ಲಿ ಕಳಿಸುವುದು ಹೇಗೆ ಸಲ್ಲದೋ ಇದನ್ನು ಇಲ್ಲ ಎನ್ನುವುದೂ ಹಾಗೆ. ಇಷ್ಟೆಲ್ಲ ಗೊತ್ತಿದ್ದೂ ಡಬ್ಬಿಗೆ ಒಂದೇ ದಾರಿ ಇಟ್ಟರೆ ನಡೆಯುವುದಿಲ್ಲ ಅನಿಸಿತು.

ಮುಂದಿನ ವಾರ ಡಬ್ಬಿಯನ್ನು ಬಿಚ್ಚಿ ಎರಡು ಸಾಕೆಟ್ಟು ಮಾಡಿದೆ. ಒಂದು ಕೆಂಪು, ಒಂದು ಬಿಳಿ. ಕೆಂಪಿಗೆ ಮಾಮನ ಯಂತ್ರ, ಬಿಳಿಗೆ ಪಕ್ಕದ ಮನೆಯ ಹಳದಿ ವೈರು. ಎರಡಕ್ಕೂ ಬೇರೆ ಬೇರೆ ರಿಲೇ. ಒಟ್ಟು ಕರೆಂಟು ಮಿತಿ ಮೀರಿದರೆ ಚಿಪ್ಪು ಮೊದಲು ಬಿಳಿಯನ್ನು ಕಡಿಯಬೇಕು, ಕುಂಯ್ ಎಂದು ಕೂಗಬೇಕು. ಬಿಳಿ ಹೋದ ಮೇಲೆ ಕೆಂಪು ಹಾಯಾಗಿ ನಡೆಯುತ್ತದೆ. ಯಾರಾದರೂ ಬಂದು ಬಿಳಿಯ ಗುಂಡಿ ಒತ್ತಿದರೆ ಅದೂ ಬರುತ್ತದೆ. ಯಂತ್ರ ಮತ್ತು ಒಂದು ಫ್ಯಾನು ಎರಡೂ ಸೇರಿದರೆ ಮಿತಿಯೊಳಗೇ. ಅದರ ಮೇಲೆ ಏನಾದರೂ ಹಚ್ಚಿದರೆ ಮಾತ್ರ ತಂಟೆ. ಮಾಡಿ ಮುಗಿಸಿದಾಗ ನನಗೆ ನನ್ನ ಮೇಲೇ ಮೆಚ್ಚುಗೆಯಾಯಿತು. ದಾನವೂ ಉಳಿಯಿತು, ಉಸಿರೂ ಉಳಿಯಿತು ಎಂದುಕೊಂಡೆ.

ಮಾಮನಿಗೆ ತೋರಿಸಿದೆ. ಅವರು ಮೂಗಿನ ನಳಿಕೆ ಸರಿಮಾಡಿಕೊಂಡು ಕೇಳಿದರು. “ಮೊದಲು ಯಾರ ಲೈನ್ ಹೋಗ್ತೈತಿ?”

“ಬಿಳಿ, ಮಾಮ. ಅವರ ಮನೀದು.”

“ಯಾವಾಗ್ಲೂ?”

“ಯಾವಾಗ್ಲೂ. ನಾನು ಹೇಳಿದಂಗ ಕೇಳ್ತೈತಿ, ಅಕ್ಕನಂಗ ಅಲ್ಲ.”

ಅವರು ಹೆಗಲು ಅಲ್ಲಾಡಿಸಿದರು. ಹೊರಡುವಾಗ ಚಪ್ಪಲಿ ಮೆಟ್ಟುತ್ತಿದ್ದೆ, ಮತ್ತೆ ಅದೇ ಕೇಳಿದರು. ಬಿಳಿ ಅಲ್ಲೇನು ಮೊದಲು, ಎಂದು. ಹೌದು ಮಾಮ ಎಂದೆ. ನಿಮ್ಮದು ಹೋಗಂಗಿಲ್ಲ, ಚಿಂತಿ ಮಾಡಬ್ಯಾಡ್ರಿ ಎಂದೆ. ತಮ್ಮ ಉಸಿರಿನ ಭಯಕ್ಕೆ ಕೇಳುತ್ತಿದ್ದಾರೆ ಎಂದೇ ನಾನು ತಿಳಿದದ್ದು.

ಆ ಬೇಸಿಗೆಯಲ್ಲಿ ಕುಂಯ್ ಎಂಬ ಸದ್ದು ಆ ಎರಡು ಮನೆಗಳಿಗೆ ರೂಢಿಯಾಗಿಹೋಯಿತು. ಅಜ್ಜಿಯ ಮಗ ಸಂತೆಯಿಂದ ಒಂದು ಕೂಲರ್ ತಂದಿದ್ದ. ಫ್ಯಾನಿನ ಜೊತೆ ಅದನ್ನೂ ಹಚ್ಚಿದರೆ ಬಿಳಿ ಹೋಗುತ್ತಿತ್ತು. ಮಿಕ್ಸಿ ತಿರುಗಿಸಿದರೂ ಹೋಗುತ್ತಿತ್ತು. ಹೋದೊಡನೆ ಗೋಡೆಯಾಚೆಯಿಂದ ಅಜ್ಜಿ “ಹೋತಲ್ರೇ ನಮ್ದು” ಎಂದು ಕೂಗುತ್ತಿದ್ದಳು. ಅಕ್ಕ ಮನೆಯಲ್ಲಿದ್ದರೆ ಗುಂಡಿ ಒತ್ತುತ್ತಿದ್ದಳು. ಆದರೆ ಅಕ್ಕ ಶಾಲೆಯಲ್ಲಿ ಬಿಸಿಯೂಟದ ಅಡುಗೆಗೆ ಹೋಗುವವಳು, ಬೆಳಿಗ್ಗೆ ಹೋದರೆ ಬರುವುದು ಮಧ್ಯಾಹ್ನ ಹೊರಳಿದ ಮೇಲೆ. ಆ ಹೊತ್ತಿನಲ್ಲಿ ಅಜ್ಜಿಯೇ ಹೆಚ್ಚಿಗೆ ಹಚ್ಚಿದ್ದನ್ನು ಆರಿಸಿ, ಸೊಂಟ ಹಿಡಿದುಕೊಂಡು ಬಂದು, ಬಾಗಿಲು ದೂಡಿ, ಗುಂಡಿ ಒತ್ತಿ, ಹಾಗೇ ಮಾಮನ ಮುಖ ನೋಡಿ, ಒಂದು ಲೋಟ ನೀರು ಕೊಟ್ಟು ಹೋಗುತ್ತಿದ್ದಳು. ಅಕ್ಕನಿಗೆ ಇದೇ ಒಂದು ಸಮಾಧಾನ. ಡಬ್ಬಿ ಕೂಗಿದರೆ ಅಜ್ಜಿ ಬರುತ್ತಾಳೆ, ಬಂದರೆ ಇವರನ್ನು ನೋಡಿಕೊಂಡು ಹೋಗುತ್ತಾಳೆ. ಮಾಮನೂ ಅದನ್ನು ಕಂಡಿದ್ದರು.

ಆದರೆ ಅಜ್ಜಿ ಬರುವ ತನಕ ಕೂಸು ಚೀರುತ್ತಿತ್ತು. ಅಜ್ಜಿ ಬಾವಿಯ ಕಡೆಯೋ ಅಂಗಡಿಯ ಕಡೆಯೋ ಹೋಗಿದ್ದರೆ ಇನ್ನೂ ತಡ. ಬಾಣಂತಿ ಹೊಸಲು ದಾಟಿ ಬರುವಂತಿರಲಿಲ್ಲ. ಮಾಮ ಮಂಚದ ಮೇಲೆ ಕೂತು ಆ ಚೀರುವಿಕೆಯನ್ನು ಕೇಳುತ್ತಿದ್ದರು. ಅವರಿಗೂ ಅಕ್ಕನಿಗೂ ಮಕ್ಕಳಿಲ್ಲ. ಒಮ್ಮೆ ಫೋನಿನಲ್ಲಿ ನನಗೆ ಹೇಳಿದರು, “ನಾನು ಇಲ್ಲಿ ತಣ್ಣಗ ಗಾಳಿ ಕುಡಕೊಂತ ಕುಂದ್ರೂದು, ಅದು ಅಲ್ಲಿ ಒದರೂದು. ನಾಚಿಕಿ ಬರ್ತೈತವ್ವ.” ನಾನು ಗದರಿದೆ. ಕೂಸಿಗೆ ಸೆಕೆಯಾದರೆ ಅಳುತ್ತದೆ, ನಿಮಗೆ ಗಾಳಿ ನಿಂತರೆ ಅಳುವುದಕ್ಕೂ ಆಗುವುದಿಲ್ಲ, ಸುಮ್ಮನಿರಿ ಎಂದೆ. ಬರುವ ವಾರ ಬರುವಾಗ ಮಂಡಕ್ಕಿ ಮಿರ್ಚಿ ತಾ, ನಿಮ್ಮೂರಿನ ಮಿರ್ಚಿ ಖಾರ ಇರ್ತೈತಿ ಎಂದು ಮಾತು ಬದಲಿಸಿದರು.

ಅದು ಆದದ್ದು ಆ ವಾರ ಬರುವ ಮೊದಲೇ. ನಾನು ಲ್ಯಾಬಿನಲ್ಲಿದ್ದೆ, ಅಕ್ಕ ಫೋನು ಮಾಡಿದಳು. ಅತ್ತಿರಲಿಲ್ಲ. “ಬಾ” ಎಂದಷ್ಟೇ ಅಂದು ಇಟ್ಟಳು.

ಕೊಟ್ಟೂರಿನ ಬಸ್ಸಿನಲ್ಲಿ ನಿಂತುಕೊಂಡೇ ಹೋದೆ. ದಾರಿಯುದ್ದಕ್ಕೂ ನನ್ನ ತಲೆಯಲ್ಲಿ ಇದ್ದದ್ದು ಮಾಮನ ಮುಖ ಅಲ್ಲ, ಡಬ್ಬಿ. ಯಾವ ಬೆಸುಗೆ ಬಿಟ್ಟಿತು, ಯಾವ ರಿಲೇ ಅಂಟಿಕೊಂಡಿತು, ಆ ಪಟ್ಟಿಯ ಸ್ಕ್ರೂ ಸಡಿಲವಾಯಿತೇ. ಅಂಥ ಹೊತ್ತಿನಲ್ಲೂ ನನ್ನ ಬುದ್ಧಿ ಅಲ್ಲೇ ಸುತ್ತುತ್ತಿತ್ತು.

ಮನೆ ತುಂಬಾ ಜನ. ಕರೆಂಟು ಇನ್ನೂ ಬಂದಿರಲಿಲ್ಲ. ಮಾಮನನ್ನು ನೆಲಕ್ಕೆ ಇಳಿಸಿ ಮಲಗಿಸಿದ್ದರು. ಅಕ್ಕ ತಲೆಯ ಬಳಿ ಕೂತಿದ್ದಳು, ಅವಳ ಸೀರೆಗೆ ಇನ್ನೂ ಶಾಲೆಯ ಸಾರಿನ ವಾಸನೆ ಇತ್ತು. ಅಜ್ಜಿ ಗೋಡೆಗೊರಗಿ, ಬಂದವರಿಗೆಲ್ಲ ಹೇಳಿದ್ದನ್ನೇ ಹೇಳುತ್ತಿದ್ದಳು. ನನ್ನನ್ನು ನೋಡಿ ಮತ್ತೆ ಮೊದಲಿನಿಂದ ಶುರುಮಾಡಿದಳು.

“ನಾ ಮನ್ಯಾಗ ಇದ್ನೆವ್ವ. ಕರೆಂಟ್ ಹೋತು. ಕೂಸಿಗೆ ಸೆಕಿ ಅಂತ ಕೂಲರ್ರೂ ಹಚ್ಚಿದ್ವಿ. ನಿನ್ನ ಡಬ್ಬಿ ಕುಂಯ್ ಅಂತು, ಕೇಳಿಸ್ತು ನನಗ. ಆತು, ನಮ್ದು ಹೋತು, ಏಳಬೇಕು ಅನ್ನೋದ್ರಾಗ ನೋಡ್ತೀನಿ, ನಮ್ಮ ಫ್ಯಾನು ತಿರುಗಾಕತ್ತೈತಿ. ಕೂಲರ್ರೂ ನಡದೈತಿ. ಇವತ್ತರ ದೇವರು ಕಣ್ಣು ಬಿಟ್ನಲ್ಲ, ಕೂಸು ಮಕ್ಕೊಂತು ಅಂತ ನಾನೂ ಅದರ ಮಗ್ಗಲಾಗ ಅಡ್ಡಾದೆ. ನಮ್ದು ನಿಲ್ಲಲಿಲ್ಲಲ್ಲವ್ವ, ಅದಕ್ಕ ಏಳಲಿಲ್ಲ.”

ಎಲ್ಲರೂ ಮಾಮನ ಕಡೆ ಮುಖಮಾಡಿ ಕೂತಿದ್ದರು. ನಾನು ಬಾಗಿಲ ಬಳಿಯ ಡಬ್ಬಿಯ ಹತ್ತಿರ ಹೋದೆ. ಕೆಂಪು ಸಾಕೆಟ್ಟಿನಲ್ಲಿ ಹಳದಿ ವೈರು ಇತ್ತು. ಬಿಳಿಯಲ್ಲಿ ಮಾಮನ ಯಂತ್ರದ ಪಿನ್ನು. ಬಿಳಿಯ ಮೇಲಿನ ಪುಟ್ಟ ದೀಪ, ಈ ಲೈನು ಕಡಿದಿದೆ ಎಂದು ತೋರಿಸುವ ದೀಪ, ಇನ್ನೂ ಉರಿಯುತ್ತಿತ್ತು. ಗೋಡೆಯಾಚೆ ಫ್ಯಾನು ತಿರುಗುವ ಸದ್ದು ಕೇಳುತ್ತಿತ್ತು.

ಅಕ್ಕನ ಬಳಿ ಬಗ್ಗಿ, ಬೆಳಿಗ್ಗೆ ಡಬ್ಬಿ ಯಾರು ಮುಟ್ಟಿದ್ದರು ಎಂದು ಮೆಲ್ಲಗೆ ಕೇಳಿದೆ. “ಯಾರೂ ಇಲ್ಲ. ಇವರೇ, ಒಂದು ಪಿನ್ನು ಸಡಿಲಾಗೈತಿ, ನೆಟ್ಟಗ ಹಾಕ್ತೀನಿ ಅಂದ್ರು. ಡಬ್ಬಿ ಹತ್ರ ಕುರ್ಚಿ ಹಾಕಿಕೊಟ್ಟೆ. ನಾನು ಸಾಲಿಗೆ ಹೊತ್ತಾತು ಅಂತ ಹೋದೆ” ಎಂದಳು. ಹೇಳಿದ್ದು ಏನೆಂದು ಅವಳಿಗೆ ಆಗ ತಿಳಿದಿರಲಿಲ್ಲ. ನನಗೆ ತಿಳಿದಿತ್ತು.

ನಳಿಕೆ ಉದ್ದವಿತ್ತು, ಡಬ್ಬಿಯ ತನಕ ಬರುತ್ತಿತ್ತು. ಯಂತ್ರ ನಡೆಯುತ್ತಿದ್ದಾಗ ಮಾಮ ಅಲ್ಲಿಯವರೆಗೆ ಹೋಗಿ ಕೂತು, ಎರಡು ಪಿನ್ನುಗಳನ್ನು ಅದಲು ಬದಲು ಮಾಡಿ ಮಂಚಕ್ಕೆ ಮರಳಿದ್ದಾರೆ. ಯಂತ್ರ ನಿಂತ ಮೇಲೆ ಅದೇ ನಾಲ್ಕು ಹೆಜ್ಜೆ ಅವರಿಗೆ ಸಾಧ್ಯವಿರಲಿಲ್ಲ. ಸಿಲಿಂಡರು ತುಂಬಿಸಲು ಹೊಸಪೇಟೆಗೆ ಹೋಗಿತ್ತು.

ಅವರು ಸಾಯಲು ಹೊರಟಿದ್ದರೆಂದು ನಾನು ಒಪ್ಪುವುದಿಲ್ಲ. ಸಾಯಲು ಹೊರಟವರು ಮಿರ್ಚಿ ತಾ ಎನ್ನುವುದಿಲ್ಲ. ಅವರ ಲೆಕ್ಕ ಸರಳವಾಗಿತ್ತು. ಡಬ್ಬಿ ಕೂಗಿದರೆ ಅಜ್ಜಿ ಬರುತ್ತಾಳೆ, ದಿನಾ ಬರುತ್ತಾಳೆ. ಆಕೆ ಬಂದು ಗುಂಡಿ ಒತ್ತುವ ತನಕ ಕೂಸು ಒದರುವ ಬದಲು ನಾನೇ ಒಂದಿಷ್ಟು ಹೊತ್ತು ಉಸಿರು ಬಿಗಿಹಿಡಿದರಾಯಿತು. ಅಷ್ಟೇ ಅವರು ಎಣಿಸಿದ್ದು. ಅಜ್ಜಿ ಬರುತ್ತಿದ್ದದ್ದು ಡಬ್ಬಿಯ ಕೂಗಿಗಲ್ಲ, ನಿಂತ ಫ್ಯಾನಿಗೆ. ಅದು ಅವರಿಗೆ ಹೊಳೆಯಲಿಲ್ಲ. ಕೂಗಿದ್ದನ್ನು ಕೇಳಿ, ಬಾಗಿಲ ಕಡೆ ನೋಡುತ್ತಾ, ಇನ್ನೇನು ಬಂದಳು ಎಂದು ಕಾದಿದ್ದಾರೆ. ಅದನ್ನು ನೆನೆದರೆ ನನಗೆ ಇವತ್ತಿಗೂ ಅವರ ಮೇಲೆ ಕಡುಸಿಟ್ಟು ಬರುತ್ತದೆ. ಹೇಳದೆ ಕೇಳದೆ ನನ್ನ ಡಬ್ಬಿ ಮುಟ್ಟಿದರಲ್ಲ ಎಂದು.

ಡಬ್ಬಿಯಲ್ಲಿ ದೋಷವೇನೂ ಇರಲಿಲ್ಲ. ಚಿಪ್ಪು ಹೇಳಿದ್ದನ್ನು ಹೇಳಿದಂತೆ ಮಾಡಿತ್ತು. ಕೂಲರ್ ಹಚ್ಚಿದರು, ಕರೆಂಟು ಮಿತಿ ಮೀರಿತು, ಬಿಳಿಯನ್ನು ಕಡಿಯಿತು. ವೈರು ಕೈಗೆ ತಣ್ಣಗಿತ್ತು, ಒಂದು ಚೂರೂ ಸುಟ್ಟಿರಲಿಲ್ಲ.

ಯಾರಾದರೂ ನೋಡುವ ಮೊದಲು ಯಂತ್ರದ ಸ್ವಿಚ್ಚನ್ನು ಆರಿಸಿದೆ. ಪಿನ್ನು ಬದಲಿಸುವಾಗ ಅದು ಮತ್ತೆ ಶುರುವಾಗಿ ಉಸಿರು ಬಿಟ್ಟರೆ ಅಕ್ಕನಿಗೆ ಕೇಳಿಸುತ್ತಿತ್ತು. ಹಳದಿ ಪಿನ್ನನ್ನು ಕೆಂಪಿನಿಂದ ಕಿತ್ತೆ. ಆಚೆ ಫ್ಯಾನು ನಿಂತಿತು, ಕೂಸು ಎಚ್ಚರಗೊಂಡು ಅತ್ತಿತು. ಅಜ್ಜಿ ಅಭ್ಯಾಸಬಲದಿಂದ ಏಳಲು ಹೋದಳು. ನೀವು ಕುಂದರ್ರಿ ಎಂದೆ. ಹಳದಿಯನ್ನು ಬಿಳಿಗೆ ಹಾಕಿ ಗುಂಡಿ ಒತ್ತಿದೆ, ಮಾಮನ ಪಿನ್ನನ್ನು ಕೆಂಪಿಗೆ ಹಾಕಿದೆ. ಫ್ಯಾನು ತಿರುಗಿತು, ಕೂಸು ಸುಮ್ಮನಾಯಿತು.

ಮಾಮನ ಅಣ್ಣ ಹಿರೇಹಡಗಲಿಯಿಂದ ಬಂದರು. ಬಂದವರು ಅತ್ತು, ಮುಖ ತೊಳೆದು, ಡಬ್ಬಿಯ ಮುಂದೆ ನಿಂತರು. “ಏನಾತು ಇದಕ್ಕ? ಕರೆಂಟ್ ಹೋದ್ರ ಇದು ನಡಸಬೇಕಿತ್ತಲ್ಲ” ಎಂದು ಎಲ್ಲರೆದುರು ನನ್ನನ್ನು ಕೇಳಿದರು. ಅಜ್ಜಿ ನನ್ನ ಮುಖವನ್ನೇ ನೋಡುತ್ತಿದ್ದಳು. ಅವಳ ಮಡಿಲಲ್ಲಿ ಕೂಸಿನ ಟೊಪ್ಪಿಗೆ ಇತ್ತು, ಎಲ್ಲಿಂದಲೋ ಹಾಗೇ ಹಿಡಿದು ಬಂದುಬಿಟ್ಟಿದ್ದಳು.

“ಕೆಟ್ಟಿತ್ತು” ಎಂದೆ. “ಒಳಗ ಚಿಪ್ಪು ಕೆಟ್ಟೈತಿ.”

ಅವರು ಸಿಟ್ಟು ತಡೆದುಕೊಳ್ಳಲಿಲ್ಲ. ಜೀವದ ಜೊತೆ ಆಟ ಆಡಬಾರದು, ಕಂಪನಿಯದ್ದು ತರಬೇಕಿತ್ತು, ಮನೆಯಲ್ಲಿ ಓದಿದವರಿದ್ದಾರೆ ಎಂದು ನೆಚ್ಚಿಕೊಂಡರೆ ಹೀಗೇ ಆಗುತ್ತದೆ ಎಂದರು. ಚಿಗಟೇರಿಯ ನೆಂಟರು ತಲೆಯಾಡಿಸಿದರು. ನಾನು ಗೋಡೆ ನೋಡುತ್ತಾ ನಿಂತಿದ್ದೆ. ಬಾಯಿಯವರೆಗೂ ಬಂದದ್ದನ್ನು ನುಂಗಿದೆ. ನನ್ನ ಜೀವಮಾನದಲ್ಲಿ ಅಷ್ಟು ಕಷ್ಟದ ಕೆಲಸ ಬೇರೆ ಮಾಡಿಲ್ಲ. ಅಕ್ಕ ಒಮ್ಮೆ ತಲೆ ಎತ್ತಿ ನನ್ನನ್ನು ನೋಡಿದಳು, ಮತ್ತೆ ತಗ್ಗಿಸಿದಳು.

ಮಣ್ಣು ಮಾಡಿ ಬಂದ ಮೇಲೆ ಡಬ್ಬಿಯನ್ನು ಗೋಡೆಯಿಂದ ಬಿಚ್ಚಿಕೊಂಡು ಹರಪನಹಳ್ಳಿಗೆ ತಂದೆ. ಕೆಟ್ಟದ್ದನ್ನು ಅಲ್ಲೇ ಬಿಟ್ಟು ಬರಲಾಗುತ್ತದೆಯೇ. ಲ್ಯಾಬಿನ ಕಪಾಟಿನಲ್ಲಿ ಇಟ್ಟೆ. ಒಂದು ದಿನ ತಡೆಯಲಾರದೆ ಹೊರತೆಗೆದು ಪರೀಕ್ಷೆ ಮಾಡಿದೆ. ಲೋಡು ಏರಿಸುತ್ತಾ ಹೋದೆ, ಮಿತಿಯ ಬಳಿ ಬಂದಾಗ ಕುಂಯ್ ಎಂದು ಬಿಳಿಯನ್ನು ಕಡಿಯಿತು. ಮತ್ತೆ ಮಾಡಿದೆ, ಮತ್ತೆ ಅಷ್ಟೇ ಸರಿಯಾಗಿ ಕಡಿಯಿತು. ಬಾಗಿಲು ಹಾಕಿಕೊಂಡು ಅತ್ತೆ. ನಮ್ಮ ಬಳಗದಲ್ಲಿ ಈಗ ಯಾರೂ ನನ್ನ ಹತ್ತಿರ ಮಿಕ್ಸಿ ತರುವುದಿಲ್ಲ. ಮುಂಚೆ ಅದನ್ನೇ ಬಯಸುತ್ತಿದ್ದೆ.

ತಿಂಗಳುಗಳು ಕಳೆದ ಮೇಲೆ ಒಂದು ಮಧ್ಯಾಹ್ನ ಕೊಟ್ಟೂರಿಗೆ ಹೋದೆ. ಮಾಗಳದ ಹುಡುಗಿ ಕೂಸಿನ ಸಮೇತ ಮತ್ತೆ ಬರುತ್ತಾಳಂತೆ, ಬಿಸಿಲು ಶುರುವಾಗಿದೆ ಎಂದೆಲ್ಲ ಅಕ್ಕ ಅಕ್ಕಿ ಆರಿಸುತ್ತಾ ಹೇಳಿದಳು. ಆಮೇಲೆ ಕೈ ನಿಲ್ಲಿಸದೆ ಕೇಳಿದಳು.

“ನಿನ್ನ ಡಬ್ಬಿ ಕೆಟ್ಟಿದ್ದಿಲ್ಲ, ಹೌದಿಲ್ಲೋ?”

ನಾನೂ ಮೊರದಿಂದ ಒಂದು ಹಿಡಿ ಅಕ್ಕಿ ತೆಗೆದುಕೊಂಡು ಆರಿಸತೊಡಗಿದೆ.

“ಖರೇನ ಕೆಟ್ಟಿದ್ರ ನೀನು ಹಿರೇಹಡಗಲಿಯವರ ಮುಂದ ಅಷ್ಟು ಸುಮ್ಮನ ನಿಲ್ತಿದ್ದಿಲ್ಲ. ಆ ಚಿಪ್ಪು ಮಾಡಿದವರ ವಂಶಾನೆಲ್ಲ ಎಳಕೊಂಡು ಬೈತಿದ್ದಿ. ನೀನು ಸುಮ್ಮನ ಇದ್ದಿ. ಅವತ್ತ ಏನೋ ಐತಿ ಅನಿಸ್ತು.” ಒಂದು ಕಲ್ಲನ್ನು ಹೆಕ್ಕಿ ಬಾಗಿಲಾಚೆ ಎಸೆದಳು. “ಆಮ್ಯಾಲ ಒಬ್ಬಾಕಿನ ಕುಂತು ಎಲ್ಲಾ ಹೊಂದಿಸಿ ನೋಡಿದೆ. ಕುರ್ಚಿ ಹಾಕಿಕೊಟ್ಟಾಕಿ ನಾನ ಅಲ್ಲೇನು.”

“ಅಜ್ಜಿ ಬರ್ತಾಳ ಅಂತ ತಿಳಕೊಂಡಿದ್ರು ಅಕ್ಕ. ಅಷ್ಟ.”

“ಗೊತ್ತು” ಎಂದಳು. ಮೊರವನ್ನು ಒಮ್ಮೆ ಕೇರಿದಳು. “ಅಜ್ಜಿಗೆ ಹೇಳಬ್ಯಾಡ.”

“ಹೇಳಿಲ್ಲ.”

“ಡಬ್ಬಿ ತಾ. ರಿಪೇರಿ ಆಗೈತಿ ಅಂತ ಹೇಳು.”

“ರಿಪೇರಿ ಮಾಡಾಕ ಅದರಾಗ ಏನೂ ಇಲ್ಲಕ್ಕ.”

“ಏನೂ ಮಾಡಬ್ಯಾಡ, ಹಂಗ ತಾ” ಎಂದಳು. ಮೊರವನ್ನು ಕೆಳಗಿಟ್ಟು ಮೊದಲ ಸಲ ನನ್ನ ಕಡೆ ತಿರುಗಿದಳು. “ಆ ಮನಿ ವೈರು ಕೆಂಪಿಗೆ ಹಾಕು. ಇವರು ಹಾಕಿದ್ರಲ್ಲ, ಹಂಗ.”

ಮುಂದಿನ ಭಾನುವಾರ ಡಬ್ಬಿಯನ್ನು ಒಯ್ದು ಹಳೆಯ ಮೊಳೆಗೇ ತೂಗುಹಾಕಿದೆ. ಅಜ್ಜಿ ಬಂದು ನಿಂತು, ಈ ಸಲ ಗಟ್ಟಿ ಐತೇನವ್ವ ಎಂದು ಕೇಳಿದಳು. ಐತ್ರಿ ಎಂದೆ, ಹಳದಿ ಪಿನ್ನನ್ನು ಕೆಂಪು ಸಾಕೆಟ್ಟಿಗೆ ಸಿಕ್ಕಿಸಿದೆ. ಬಿಳಿಯದನ್ನು ಖಾಲಿ ಬಿಟ್ಟೆ.